‘ಓನ್ಲಿ’ ಅಂದ್ರೆ ಬರೀ ‘ಮಾತ್ರ’ ಅಲ್ಲ

ಈ ಸಲ ಬಂದ ಪತ್ರಗಳಲ್ಲಿ ಸುಮಾರು ಪತ್ರಗಳು ‘ಓನ್ಲಿ’ ಅನ್ನೋ ಒಂದೇ ಇಂಗ್ಲಿಷ್ ಪದದ ಬಗ್ಗೆ ಇವೆ. ಅಥಣಿಯಿಂದ ಇಳಕಲ್‌ವರೆಗೆ ಎಲ್ಲರಿಗೂ ಇದರದ್ದೇ ತಲೆನೋವು. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಗೈಡ್‌ನಲ್ಲಿ ಓನ್ಲಿ ಪದಕ್ಕೆ ಸಮಾನಾರ್ಥಕ ಅಂತ ಜಸ್ಟ್, ಮಿಯರ್ಲಿ, ಸಿಂಪ್ಲಿ, ಸೋಲ್ಲಿ, ಎಕ್ಸ್‌ಕ್ಲೂಸಿವ್ಲಿ, ಬೇರ್ಲಿ, ಅಲೋನ್ ಎಲ್ಲಾ ಕೊಟ್ಟಿದ್ದಾರೆ. ಎಲ್ಲದರ ಅರ್ಥ ಒಂದೇನಾ ಸರ್? ಯಾವುದನ್ನು ಬೇಕಾದರೂ ಬರೆಯಬಹುದಾ?
— ಪಿಯುಸಿ ವಿದ್ಯಾರ್ಥಿನಿ, ಅಥಣಿ

ಇಲ್ಲ ತಂಗಿ. ಗೈಡ್ ಬರೆದವರು ಪದಗಳನ್ನು ಸಾಲಾಗಿ ನಿಲ್ಲಿಸಿ ಕೈ ತೊಳೆದುಕೊಂಡಿದ್ದಾರೆ, ಅಷ್ಟೇ. ಓನ್ಲಿ ಒಂದೇ ಪದವಾದರೂ ಅದು ಮಾಡೋ ಕೆಲಸ ಒಂದಲ್ಲ. ಒಮ್ಮೊಮ್ಮೆ ಉಳಿದವರನ್ನು ಹೊರಗಿಡುತ್ತದೆ, ‘ಮಹಿಳೆಯರಿಗೆ ಮಾತ್ರ’ ಅಂದ ಹಾಗೆ. ಒಮ್ಮೊಮ್ಮೆ ‘ಇಷ್ಟೇ, ಹೆಚ್ಚಿಲ್ಲ’ ಅನ್ನುತ್ತದೆ, ‘ಹತ್ತೇ ರೂಪಾಯಿ’ ಅಂದ ಹಾಗೆ. ಇನ್ನೊಮ್ಮೆ ‘ನಿನ್ನೆಯಷ್ಟೇ ಬಂದ’ ಅಂತ ಹೊತ್ತು ಹೇಳುತ್ತದೆ. ಗೈಡ್‌ನಲ್ಲಿರೋ ಪದಗಳು ಈ ಕೆಲಸಗಳಲ್ಲಿ ಒಂದೊಂದನ್ನೋ ಎರಡನ್ನೋ ಮಾತ್ರ ಮಾಡುತ್ತವೆ, ಎಲ್ಲವನ್ನೂ ಮಾಡೋದು ಓನ್ಲಿ ಒಂದೇ.

ಮಿಯರ್ಲಿ ತೆಗೆದುಕೋ. ಅದರಲ್ಲಿ ಸಣ್ಣದು ಮಾಡೋ ಧಾಟಿ ಇದೆ. ‘ಹಿ ಈಸ್ ಮಿಯರ್ಲಿ ಎ ಕ್ಲರ್ಕ್’ ಅಂದರೆ ‘ಅಂವಾ ಬರೇ ಕ್ಲರ್ಕ್ ಬಿಡ್ರಿ’ ಅಂದ ಹಾಗೆ. ಆದರೆ ಬಸ್ಸಿನ ಸೀಟಿನ ಮೇಲೆ ‘ಲೇಡೀಸ್ ಮಿಯರ್ಲಿ’ ಅಂತ ಬರೆಯೋಕಾಗಲ್ಲ, ಅಲ್ವಾ? ಅಲ್ಲಿ ಓನ್ಲಿ ಬೇಕು. ಬೋರ್ಡು ಸ್ವಲ್ಪ ದೊಡ್ಡ ಅಂಗಡಿಯದಾದರೆ ‘ಎಕ್ಸ್‌ಕ್ಲೂಸಿವ್ಲಿ ಫಾರ್ ಲೇಡೀಸ್’ ಅಂತಲೂ ಬರೆಯಬಹುದು. ಎಕ್ಸ್‌ಕ್ಲೂಸಿವ್ಲಿ ಪದದ ಒಳಗೇ ‘ಬೇರೆಯವರಿಗೆ ಪ್ರವೇಶವಿಲ್ಲ’ ಅನ್ನೋದು ಕೂತಿದೆ. ಸೋಲ್ಲಿ ಕಚೇರಿಯ ಪದ. ಹೊಣೆ, ಉದ್ದೇಶ, ಕಾರಣ ಹೇಳುವಾಗ ಬರುತ್ತದೆ: ‘ಸೋಲ್ಲಿ ರೆಸ್ಪಾನ್ಸಿಬಲ್’, ಅಂದರೆ ಇದಕ್ಕೆ ಇವರೊಬ್ಬರೇ ಹೊಣೆ. ಮನೆಮಾತಿನಲ್ಲಿ ಅದನ್ನು ಯಾರೂ ಆಡಲ್ಲ.

ಜಸ್ಟ್ ಮಾತ್ರ ಭಾರೀ ಚಾಲಾಕಿ. ಇದನ್ನು ನೀನು ಗೈಡ್ ನೋಡಿ ಕಲಿಯೋದೇ ಬೇಡ, ದಿನಾ ಆಡೋ ಕನ್ನಡದಲ್ಲೇ ಇದೆ. ‘ಬಸ್ ಈಗ ಜಸ್ಟ್ ಹೋಯ್ತು’ ಅಂದಾಗ ಸ್ವಲ್ಪ ಹೊತ್ತಿನ ಹಿಂದೆ ಅಂತ. ‘ಜಸ್ಟ್ ಪಾಸ್’ ಅಂದಾಗ ಕಷ್ಟಪಟ್ಟು ಗೆರೆ ದಾಟಿದ ಅಂತ. ‘ಜಸ್ಟ್ ಐವತ್ತು ರೂಪಾಯಿ ಕೊಡ್ರಿ’ ಅಂದಾಗ ಐವತ್ತೇ ಅಂತ. ಇಷ್ಟರ ಮೇಲೆ ಇಂಗ್ಲಿಷಿನಲ್ಲಿ ಅದಕ್ಕೆ ‘ಸರಿಯಾಗಿ, ಕರಾರುವಾಕ್ಕಾಗಿ’ ಅನ್ನೋ ಅರ್ಥವೂ ಇದೆ, ‘ನ್ಯಾಯವಾದ’ ಅನ್ನೋ ಅರ್ಥವೂ ಇದೆ. ಆದ್ದರಿಂದ ಓನ್ಲಿ ಇರೋ ಕಡೆಯೆಲ್ಲ ಜಸ್ಟ್ ಹಾಕಬೇಡ. ‘ಓನ್ಲಿ ಸನ್’ ಅಂದರೆ ಒಬ್ಬನೇ ಮಗ. ಅದನ್ನು ‘ಜಸ್ಟ್ ಸನ್’ ಅಂತ ಬದಲಿಸಿದರೆ ಮಗ ನ್ಯಾಯವಂತ ಆಗಿಬಿಡುತ್ತಾನೆ!

ಸಿಂಪ್ಲಿ ವಿಷಯದಲ್ಲಿ ನಮ್ಮವರಿಗೆ ಒಂದು ಗುಂಡಿ ಇದೆ. ‘ಸುಮ್ನೆ ಬಂದೆ’ ಅನ್ನೋಕೆ ‘ಐ ಕೇಮ್ ಸಿಂಪ್ಲಿ’ ಅಂತೀವಿ. ಹೊರಗಿನವರಿಗೆ ಇದು ‘ಸರಳವಾಗಿ ಬಂದೆ’ ಅಂತ ಕೇಳಿಸುತ್ತದೆ, ಆಡಂಬರ ಇಲ್ಲದೆ ಬಂದ ಹಾಗೆ. ‘ಐ ಜಸ್ಟ್ ಕೇಮ್ ಬೈ’ ಅಂದರೆ ಸಾಕು.

ಇನ್ನು ಬೇರ್ಲಿ. ಇದನ್ನು ಆ ಪಟ್ಟಿಯಿಂದ ಹೊಡೆದು ಹಾಕು. ‘ಓನ್ಲಿ ಟೆನ್ ಪೀಪಲ್ ಕೇಮ್’ ಅಂದರೆ ಬಂದವರು ಹತ್ತೇ ಜನ, ಲೆಕ್ಕ ಪಕ್ಕಾ. ‘ಬೇರ್ಲಿ ಟೆನ್’ ಅಂದರೆ ಹತ್ತು ಮುಟ್ಟಿದ್ದೇ ಕಷ್ಟ. ಹಾರ್ಡ್ಲಿ, ಸ್ಕೇರ್ಸ್ಲಿ ಕೂಡ ಇದೇ ಜಾತಿ, ಅವುಗಳಲ್ಲಿ ‘ಇಲ್ಲ’ ಅನ್ನೋದರ ವಾಸನೆ ಇದೆ. ಅದಕ್ಕೇ ‘ಹಾರ್ಡ್ಲಿ’ ಬಂದ ವಾಕ್ಯಕ್ಕೆ ಮತ್ತೊಂದು ‘ನಾಟ್’ ಹಾಕಬಾರದು ಅಂತ ಮೇಷ್ಟ್ರು ಹೇಳೋದು.

ಅಲೋನ್ ಬಗ್ಗೆ ಒಂದು ಉದಾಹರಣೆ ಕೊಟ್ಟು ಮುಗಿಸುತ್ತೇನೆ, ಯಾಕಂದರೆ ಪರೀಕ್ಷೆಯಲ್ಲಿ ಎಡವೋದು ಇಲ್ಲೇ. ನಿಮ್ಮ ಜಿಲ್ಲೆಯದ್ದೇ ಲೆಕ್ಕ. ರಾಜ್ಯದ 224 ವಿಧಾನಸಭಾ ಕ್ಷೇತ್ರಗಳಲ್ಲಿ ಬೆಳಗಾವಿ ಜಿಲ್ಲೆಯೊಂದರಲ್ಲೇ 18 ಇವೆ. ಇದನ್ನು ‘18 ಇನ್ ಬೆಳಗಾವಿ ಡಿಸ್ಟ್ರಿಕ್ಟ್ ಅಲೋನ್’ ಅಂತ ಬರೆದರೆ ‘ನೋಡ್ರಿ, ಒಂದೇ ಜಿಲ್ಲೆಯಲ್ಲಿ ಎಷ್ಟೊಂದು’ ಅನ್ನೋ ಭಾವ ಬರುತ್ತದೆ. ‘ಓನ್ಲಿ 18’ ಅಂತ ಬರೆದೆಯೋ, ‘ಬರೀ ಹದಿನೆಂಟಾ?’ ಅಂತ ಉಲ್ಟಾ ಆಯಿತು. ‘ಓನ್ಲಿ ಇನ್ ಬೆಳಗಾವಿ’ ಅಂತ ಬರೆದರೆ ಬೇರೆ ಜಿಲ್ಲೆಗಳಿಗೆ ಕ್ಷೇತ್ರವೇ ಇಲ್ಲದ ಹಾಗಾಯಿತು.

ಪ್ರಶ್ನೆ: ‘ಗಾಂಧಿ ಓನ್ಲಿ ಪ್ರಿಸೈಡೆಡ್ ಓವರ್ ದಿ ಬೆಳಗಾವಿ ಸೆಷನ್ ಇನ್ 1924’ ಅಂತ ಪ್ರಬಂಧದಲ್ಲಿ ಬರೆದಿದ್ದೆ. ಓನ್ಲಿ ಸುತ್ತ ಕೆಂಪು ಸುತ್ತು ಹಾಕಿ ವಾಪಸ್ ಕೊಟ್ಟರು. ಇತಿಹಾಸ ಸರಿ ಇದೆ, ತಪ್ಪು ಎಲ್ಲಿದೆ?
— ಪದವಿ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ

ಇತಿಹಾಸ ಸರಿಯಾಗಿಯೇ ಇದೆ. ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದು ಒಂದೇ ಒಂದು ಸಲ, ಅದು 1924ರ ಡಿಸೆಂಬರ್‌ನಲ್ಲಿ ನಿಮ್ಮದೇ ಟಿಳಕವಾಡಿಯಲ್ಲಿ. ಆದರೆ ನೀವು ಬರೆದ ವಾಕ್ಯ ಓದಿದರೆ ಗಾಂಧೀಜಿ ಬಂದು ಸುಮ್ನೆ ಅಧ್ಯಕ್ಷತೆ ವಹಿಸಿದರು, ಮತ್ತೇನೂ ಮಾಡಲಿಲ್ಲ ಅನ್ನಿಸುತ್ತದೆ. ನಿಮಗೆ ಬೇಕಾದದ್ದು ‘ಏಕೈಕ’. ಅದು ಅಧಿವೇಶನಕ್ಕೆ ಅಂಟಬೇಕು: ‘ದಿ ಓನ್ಲಿ ಸೆಷನ್ ಗಾಂಧಿ ಪ್ರಿಸೈಡೆಡ್ ಓವರ್’. ಇಲ್ಲಿ ಓನ್ಲಿ ವಿಶೇಷಣ. ಕೆಂಪು ಸುತ್ತು ಹಾಕಿದವರ ಮೇಲೆ ಸಿಟ್ಟಾಗಬೇಡಿ, ಆದರೆ ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದರೆ ಚೆನ್ನಾಗಿತ್ತು.

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ತಪ್ಪು ಹುಡುಕುವ ಪ್ರಶ್ನೆಯಲ್ಲಿ ಓನ್ಲಿ ಎಲ್ಲಿ ಇಡಬೇಕು ಅಂತಲೇ ತಿಳಿಯೋದಿಲ್ಲ. ಸಿನಿಮಾದಲ್ಲಿ ಒಂದು ತರಹ ಮಾತಾಡುತ್ತಾರೆ, ಪುಸ್ತಕದಲ್ಲಿ ಇನ್ನೊಂದು ತರಹ ಇರುತ್ತದೆ.
— ಓದುಗ, ನವನಗರ, ಬಾಗಲಕೋಟೆ

ನಿಮ್ಮ ಜಿಲ್ಲೆಯ ಸೀರೆಯನ್ನೇ ತೆಗೆದುಕೊಳ್ಳೋಣ. ‘ಶಿ ಬಾಟ್ ಎ ಸ್ಯಾರಿ ಇನ್ ಇಳಕಲ್’, ಅವಳು ಇಳಕಲ್‌ನಲ್ಲಿ ಸೀರೆ ಕೊಂಡಳು. ಈಗ ಓನ್ಲಿಯನ್ನು ಒಂದೊಂದು ಕಡೆ ಕೂರಿಸಿ ನೋಡಿ. ಶುರುವಿಗೇ ಇಟ್ಟರೆ ಅವಳೊಬ್ಬಳೇ ಕೊಂಡಳು, ಜೊತೆಗೆ ಹೋದವರು ಬರಿಗೈಲಿ ಬಂದರು. ‘ಬಾಟ್’ಗಿಂತ ಮೊದಲು ಇಟ್ಟರೆ ಕೊಂಡಳಷ್ಟೇ, ಉಡಲಿಲ್ಲವೋ ಏನೋ. ‘ಎ ಸ್ಯಾರಿ’ಗಿಂತ ಮೊದಲು ಇಟ್ಟರೆ ಸೀರೆ ಬಿಟ್ಟು ಬೇರೇನೂ ಕೊಳ್ಳಲಿಲ್ಲ, ಗುಳೇದಗುಡ್ಡದ ಖಣದ ಕಡೆ ತಿರುಗಿಯೂ ನೋಡಲಿಲ್ಲ. ‘ಇನ್ ಇಳಕಲ್’ಗಿಂತ ಮೊದಲು ಇಟ್ಟರೆ ಕೊಂಡದ್ದು ಇಳಕಲ್‌ನಲ್ಲಿ ಮಾತ್ರ.

ಕನ್ನಡದಲ್ಲಿ ನಮಗೆ ಈ ಗೋಜೇ ಇಲ್ಲ. ಯಾವ ಪದದ ಮೇಲೆ ಒತ್ತು ಬೇಕೋ ಅದಕ್ಕೇ ಒಂದು ‘ಏ’ ಅಂಟಿಸಿ ಮುಂದೆ ಹೋಗುತ್ತೇವೆ: ಅವಳೇ, ಸೀರೆಯೇ, ಇಳಕಲ್‌ನಲ್ಲೇ. ಪದಗಳನ್ನು ಹಿಂದೆ ಮುಂದೆ ಮಾಡಿದರೂ ಅರ್ಥ ಕೆಡಲ್ಲ. ಇಂಗ್ಲಿಷಿಗೆ ಅಂಥ ಬಾಲ ಇಲ್ಲ, ಅದು ಜಾಗ ನೋಡಿಕೊಂಡು ಕೂರಬೇಕು. ಪರೀಕ್ಷೆಗೆ ಒಂದು ಉಪಾಯ ಹೇಳುತ್ತೇನೆ. ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತನ್ನಿ, ‘ಏ’ ಅಥವಾ ‘ಮಾತ್ರ’ ಯಾವ ಪದಕ್ಕೆ ಅಂಟಿತು ನೋಡಿ, ಇಂಗ್ಲಿಷಿನಲ್ಲಿ ಅದೇ ಪದಕ್ಕೆ ತಾಗಿಕೊಂಡು, ಅದಕ್ಕಿಂತ ಮೊದಲು ಓನ್ಲಿ ಇಡಿ. ‘ನನ್ನ ಹತ್ರ ಎರಡೇ ಪುಸ್ತಕ ಇವೆ’: ‘ಏ’ ಇರೋದು ಎರಡಕ್ಕೆ, ಆದ್ದರಿಂದ ‘ಐ ಹ್ಯಾವ್ ಓನ್ಲಿ ಟೂ ಬುಕ್ಸ್’.

ಸಿನಿಮಾದವರು ‘ಐ ಓನ್ಲಿ ಹ್ಯಾವ್ ಟೂ’ ಅಂತಾರಲ್ಲ ಅಂತ ಕೇಳಿದ್ದೀರಿ. ಅದೂ ತಪ್ಪಲ್ಲ. ಬಾಯಲ್ಲಿ ಆಡುವಾಗ ಅವರು ‘ಟೂ’ ಮೇಲೆ ದನಿ ಒತ್ತುತ್ತಾರೆ, ಕೇಳೋನಿಗೆ ಗೊತ್ತಾಗುತ್ತದೆ. ಇಂಗ್ಲಿಷ್ ಬಳಕೆಯ ಬಗ್ಗೆ ದೊಡ್ಡ ಹೆಸರಾದ ಫೌಲರ್ 1926ರಲ್ಲೇ ಓನ್ಲಿಯ ಜಾಗದ ಬಗ್ಗೆ ತೀರಾ ಮಡಿ ಮಾಡುವವರನ್ನು ಗೇಲಿ ಮಾಡಿದ್ದರು. ಅರ್ಥ ಗೊಂದಲ ಆಗದಿದ್ದರೆ ಮಾತಿನ ಸಹಜ ಜಾಗದಲ್ಲೇ ಇರಲಿ ಬಿಡಿ ಅನ್ನೋದು ಅವರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಪ್ರಶ್ನೆಪತ್ರಿಕೆ ತೆಗೆಯುವವರು ಫೌಲರ್ ಅಲ್ಲವಲ್ಲ. ಅಲ್ಲಿ ಮಡಿಯಾಗಿಯೇ ಬರೆದು ಬನ್ನಿ.

ಪ್ರಶ್ನೆ: ನಮ್ಮ ಸೊಸೈಟಿಯಲ್ಲಿ ಚೆಕ್ ಬರೆಯೋದು ನನ್ನ ಕೆಲಸ. ಮೊತ್ತದ ಮುಂದೆ ‘ಓನ್ಲಿ’ ಬರೆಯದಿದ್ದರೆ ಚೆಕ್ ನಡೆಯೋದಿಲ್ಲ ಅಂತಾರೆ, ಹೌದಾ? ಮತ್ತೆ ಐದು ಲಕ್ಷಕ್ಕೂ ‘ಓನ್ಲಿ’ ಅಂತೀವಲ್ಲ, ಐದು ಲಕ್ಷ ಕಡಿಮೆನಾ?
— ಸಹಕಾರಿ ಸಂಘದ ನೌಕರ, ಸಿಂದಗಿ

ಎರಡನೇ ಪ್ರಶ್ನೆ ಓದಿ ನಕ್ಕೆ, ಆದರೆ ಕೇಳಿದ್ದು ಸರಿಯಾಗಿದೆ. ಚೆಕ್ಕಿನ ಓನ್ಲಿಗೂ ಕಡಿಮೆ–ಜಾಸ್ತಿಗೂ ಸಂಬಂಧ ಇಲ್ಲ. ಅದು ‘ಇಲ್ಲಿಗೆ ಮುಗಿಯಿತು’ ಅನ್ನೋ ಬೇಲಿ. ಬರೀ ‘ಐವತ್ತು’ ಅಂತ ಬರೆದು ಜಾಗ ಬಿಟ್ಟರೆ ಯಾರೋ ಪುಣ್ಯಾತ್ಮ ಮುಂದೆ ‘ಸಾವಿರ’ ಸೇರಿಸಿ, ಅಂಕಿಗೂ ಮೂರು ಸೊನ್ನೆ ಸುತ್ತಿಬಿಡಬಹುದು. ‘ಐವತ್ತು ರೂಪಾಯಿ ಮಾತ್ರ’ ಅಂತ ಬರೆದು ಉಳಿದ ಜಾಗಕ್ಕೆ ಗೆರೆ ಎಳೆದರೆ ಸೇರಿಸೋಕೆ ಎಡೆ ಇರಲ್ಲ. ಅಂಕಿಯ ಕೊನೆಯಲ್ಲಿ ಓರೆಗೆರೆ, ಅಡ್ಡಗೆರೆ ಹಾಕುತ್ತೀರಲ್ಲ, ಅದರ ಕೆಲಸವೂ ಇದೇ.

ಓನ್ಲಿ ಇಲ್ಲದ ಚೆಕ್ ಅಸಿಂಧು ಅಂತ 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಎಲ್ಲೂ ಹೇಳಿಲ್ಲ. ಅದು ರೂಢಿ, ಒಳ್ಳೇ ರೂಢಿ. ಕಾಯ್ದೆಯ 18ನೇ ಸೆಕ್ಷನ್ ಹೇಳೋದು ಬೇರೆ: ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಒಂದು ಮೊತ್ತ ಇದ್ದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ. ಹಾಗಾಗಿ ಬೇಲಿ ಹಾಕಬೇಕಾದ್ದು ಮುಖ್ಯವಾಗಿ ಅಕ್ಷರಕ್ಕೆ. ಚೆಕ್ಕಿನ ಎಡ ಮೂಲೆಯಲ್ಲಿ ಎರಡು ಗೆರೆ ಎಳೆದು ‘ಅಕೌಂಟ್ ಪೇಯಿ ಓನ್ಲಿ’ ಬರೆಯುತ್ತೀರಲ್ಲ, ಆ ಓನ್ಲಿ ಬೇರೆ. ಹಣ ಹೆಸರಿದ್ದವರ ಖಾತೆಗೇ ಹೋಗಬೇಕು, ಕೌಂಟರಿನಲ್ಲಿ ಯಾರ ಕೈಗೂ ನಗದು ಕೊಡಬಾರದು ಅಂತ ಅದರ ಅರ್ಥ. ಒಂದೇ ಕಾಗದದ ಮೇಲೆ ಒಂದೇ ಪದ ಎರಡು ಬೇರೆ ಕಾವಲು ಕಾಯುತ್ತಿದೆ ನೋಡಿ.

ಪ್ರಶ್ನೆ: ಬೆಂಗಳೂರಲ್ಲಿ ಕೆಲಸಕ್ಕಿದ್ದೇನೆ. ‘ಐ ಆಮ್ ಫ್ರಮ್ ಗೋಕಾಕ ಓನ್ಲಿ’ ಅಂದರೆ ಆಫೀಸಲ್ಲಿ ನಗುತ್ತಾರೆ. ಇದು ಅಷ್ಟು ದೊಡ್ಡ ತಪ್ಪಾ?
— ಓದುಗ, ಗೋಕಾಕ

ನಗುವವರ ಬಾಯಲ್ಲೂ ದಿನಕ್ಕೆ ಹತ್ತು ಸಲ ಇದೇ ಓನ್ಲಿ ಬರುತ್ತದೆ, ಕಿವಿ ಕೊಟ್ಟು ಕೇಳಿ. ಇದು ನಿಮ್ಮೊಬ್ಬರದ್ದೂ ಅಲ್ಲ, ಗೋಕಾಕದ್ದೂ ಅಲ್ಲ, ಇಡೀ ಭಾರತದ ಇಂಗ್ಲಿಷಿನದು. ಕಾರಣ ಸೀದಾ ಇದೆ. ಕನ್ನಡದ ‘ಏ’ ಎರಡು ಕೆಲಸ ಮಾಡುತ್ತದೆ. ‘ನೀನೊಬ್ಬನೇ ಬಾ’ ಅಂದಾಗ ಬೇರೆಯವರನ್ನು ದೂರ ಇಡುತ್ತದೆ. ‘ನಾನು ಗೋಕಾಕದವನೇ ರೀ’ ಅಂದಾಗ ಯಾರನ್ನೂ ದೂರ ಇಡಲ್ಲ, ಮಾತಿಗೆ ಬರೀ ಒತ್ತು ಕೊಡುತ್ತದೆ. ಹಿಂದಿಯ ‘ಹೀ’, ನಿಮ್ಮ ಕಡೆಯ ಮರಾಠಿಯ ‘ಚ’ ಕೂಡ ಹೀಗೇ. ಇಂಗ್ಲಿಷಿನ ಓನ್ಲಿಗೆ ಮೊದಲನೇ ಕೆಲಸ ಬರುತ್ತದೆ, ಎರಡನೇದು ಬರಲ್ಲ. ನಾವು ಎರಡನ್ನೂ ಅದರ ತಲೆಗೇ ಕಟ್ಟಿದ್ದೇವೆ.

ನಮ್ಮನಮ್ಮಲ್ಲಿ ಆಡುವಾಗ ಇದರಿಂದ ಏನೂ ಕೆಡಲ್ಲ, ನಾಚಿಕೊಳ್ಳೋದೂ ಬೇಡ. ಹೊರದೇಶದ ಗಿರಾಕಿಗೆ ಮೇಲ್ ಬರೆಯುವಾಗ ಮಾತ್ರ ಹುಷಾರು. ಯಾಕೆ ಅಂತ ಹೇಳುತ್ತೇನೆ. ಫೈಲ್ ಯಾಕಿನ್ನೂ ಬಂದಿಲ್ಲ ಅಂತ ಅವರು ಕೇಳಿದರು ಅಂತಿಟ್ಟುಕೊಳ್ಳಿ. ‘ನಿನ್ನೆಯೇ ಕಳಿಸಿದೆನಲ್ಲ, ನೀವೇ ನೋಡಿಲ್ಲ’ ಅನ್ನೋ ಅರ್ಥದಲ್ಲಿ ನೀವು ‘ಐ ಸೆಂಟ್ ಇಟ್ ಎಸ್ಟರ್‌ಡೇ ಓನ್ಲಿ’ ಅಂತ ಬರೆಯುತ್ತೀರಿ. ಅವರಿಗೆ ಅದು ‘ಓನ್ಲಿ ಎಸ್ಟರ್‌ಡೇ’ ಅಂತ ಓದಿಸುತ್ತದೆ, ಅಂದರೆ ‘ನಿನ್ನೆಯಷ್ಟೇ ಕಳಿಸಿದೆ, ಅಲ್ಲಿವರೆಗೆ ಕಳಿಸಿರಲಿಲ್ಲ’. ನೀವು ಬೇಗ ಕಳಿಸಿದೆ ಅಂತ ಹೇಳೋಕೆ ಹೋಗಿ ತಡ ಮಾಡಿದೆ ಅಂತ ಬರೆದುಕೊಟ್ಟ ಹಾಗಾಯಿತು. ‘ಐ ಆಲ್ರೆಡಿ ಸೆಂಟ್ ಇಟ್ ಎಸ್ಟರ್‌ಡೇ’ ಅಂದುಬಿಡಿ, ತಂಟೆ ಇಲ್ಲ.

ಒತ್ತಿನ ‘ಏ’ಗೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಬೇಡಿ, ಜಾಗಕ್ಕೊಂದು ಇದೆ. ಇಲ್ಲೇ ಅನ್ನೋಕೆ ‘ರೈಟ್ ಹಿಯರ್’. ಈಗಲೇ ಅನ್ನೋಕೆ ‘ರೈಟ್ ನೌ’. ಅದೇ ಹುಡುಗ ಅನ್ನೋಕೆ ‘ದ ಸೇಮ್ ಬಾಯ್’ ಅಥವಾ ‘ದ ವೆರಿ ಬಾಯ್’. ಅವನೇ ಹೇಳಿದ ಅನ್ನೋಕೆ ‘ಹಿ ಹಿಮ್‌ಸೆಲ್ಫ್ ಸೆಡ್’. ಗೋಕಾಕದವನೇ ಅನ್ನೋಕೆ ಏನೂ ಬೇಡ, ‘ಐ ಆಮ್ ಫ್ರಮ್ ಗೋಕಾಕ’ ಅಂತ ಊರಿನ ಹೆಸರು ಒತ್ತಿ ಹೇಳಿದರಾಯಿತು. ಅಷ್ಟರಲ್ಲಿ ಅವರು ಫಾಲ್ಸ್ ಬಗ್ಗೆಯೋ ಕರದಂಟಿನ ಬಗ್ಗೆಯೋ ಕೇಳಿರುತ್ತಾರೆ, ವ್ಯಾಕರಣ ಮರೆತಿರುತ್ತಾರೆ.

ಪ್ರಶ್ನೆ: ‘ಇಫ್ ಓನ್ಲಿ’ ಮತ್ತು ‘ಓನ್ಲಿ ಇಫ್’ ನಡುವೆ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ಹೇಗೆ ಹೇಳಿಕೊಡೋದು?
— ಪ್ರೌಢಶಾಲೆ ಶಿಕ್ಷಕಿ, ಇಂಡಿ

ನಿಮ್ಮ ಕಡೆ ಹಿಂಗಾರಿ ಜೋಳ ಬಿತ್ತುವ ಮನೆಯ ಮಕ್ಕಳೇ ಜಾಸ್ತಿ ಇರುತ್ತಾರಲ್ಲ, ಮಳೆಯಿಂದಲೇ ಹೇಳಿಕೊಡಿ. ‘ಮಳಿ ಬಂದ್ರ ಅಷ್ಟ ಬಿತ್ತೋದು’ ಅಂದರೆ ಓನ್ಲಿ ಇಫ್, ಅದು ಷರತ್ತು. ‘ಮಳಿ ಬಂದಿದ್ರ ಎಷ್ಟ ಛಲೋ ಇತ್ತು’ ಅಂದರೆ ಇಫ್ ಓನ್ಲಿ, ಅದು ಹಳಹಳಿಕೆ. ಒಂದರಲ್ಲಿ ರೈತ ಆಕಾಶ ನೋಡುತ್ತಿದ್ದಾನೆ, ಇನ್ನೊಂದರಲ್ಲಿ ಹಂಗಾಮು ಮುಗಿದಿದೆ. ಜೊತೆಗೆ ಇದನ್ನೂ ಹೇಳಿ: ವಾಕ್ಯ ‘ಓನ್ಲಿ ವೆನ್’, ‘ಓನ್ಲಿ ದೆನ್’, ‘ನಾಟ್ ಓನ್ಲಿ’ ಇಂದ ಶುರುವಾದರೆ ಮುಂದೆ ಕ್ರಿಯಾಪದ ತಿರುಗಿ ನಿಲ್ಲುತ್ತದೆ. ‘ಆಗಲೇ ಬಿತ್ತಿದೆವು’ ಅನ್ನೋಕೆ ‘ಓನ್ಲಿ ದೆನ್ ವಿ ಸೋಡ್’ ಅಲ್ಲ, ‘ಓನ್ಲಿ ದೆನ್ ಡಿಡ್ ವಿ ಸೋ’. ಮೇಲ್ದರ್ಜೆಯ ಮಕ್ಕಳಿದ್ದರೆ ‘ಓನ್ಲಿ ಟೂ ಹ್ಯಾಪಿ’ ಅನ್ನೋದನ್ನೂ ತೋರಿಸಿ. ಅಲ್ಲಿ ಓನ್ಲಿ ಏನನ್ನೂ ಕಡಿಮೆ ಮಾಡಲ್ಲ, ‘ಬಹಳ ಖುಷಿ’ ಅನ್ನುತ್ತದೆ. ‘ಬರೀ ಖುಷಿ’ ಅಂತ ಅನುವಾದ ಮಾಡಿಬಿಟ್ಟಾರು.

ಪ್ರಶ್ನೆ: ಈ ಪದ ಎಲ್ಲಿಂದ ಬಂತು?
— ಓದುಗ, ನಿಪ್ಪಾಣಿ

‘ಒನ್’ ಮತ್ತು ‘ಲೈಕ್’ ಎರಡರ ಹಳೇ ರೂಪಗಳು ಕೂಡಿ ಆದದ್ದು, ‘ಒಂದರ ಹಾಗೆ’ ಅಂತ. ಈಗ ನಾವು ‘ವನ್’ ಅಂತ ಉಚ್ಚರಿಸುವ ಪದಕ್ಕೆ ಮೊದಲು ‘ವ’ಕಾರ ಇರಲಿಲ್ಲ. ಆ ಹಳೇ ಸದ್ದು ಓನ್ಲಿಯಲ್ಲೂ ಅಲೋನ್‌ನಲ್ಲೂ ಉಳಿದುಕೊಂಡಿದೆ. ಅಲೋನ್ ಅಂದರೆ ‘ಆಲ್’ ಮತ್ತು ‘ಒನ್’, ಪೂರಾ ಒಂಟಿ.

ಪ್ರಶ್ನೆ: ಇಂಗ್ಲಿಷಿನ ಕಥೆ ಬಿಡಿ, ಕನ್ನಡದಲ್ಲೇ ಮಾತ್ರ, ಬರೀ, ಕೇವಲ, ಅಷ್ಟೇ ಅಂತ ಇಷ್ಟು ಪದ ಇವೆ. ಮಗಳು ಯಾವುದಕ್ಕೆ ಯಾವುದು ಅಂತ ಕೇಳಿದರೆ ನನಗೆ ಹೇಳೋಕೆ ಬರಲಿಲ್ಲ.
— ಗೃಹಿಣಿ, ಮುಧೋಳ

ಅಕ್ಕಾ, ನಿಮಗೆ ಬರುತ್ತದೆ, ದಿನಾ ಸರಿಯಾಗಿಯೇ ಆಡುತ್ತೀರಿ. ವಿವರಿಸೋದಷ್ಟೇ ಕಷ್ಟ.

ಬರೀ ಅಂದರೆ ಮೂಲದಲ್ಲಿ ಖಾಲಿ. ಬರಿಗೈ, ಬರಿಗಾಲು, ಬರಿಹೊಟ್ಟೆ ಎಲ್ಲಾ ಅದೇ. ಹಾಗಾಗಿ ಬರೀ ಬಂದ ಕಡೆ ‘ಇರಬೇಕಾದ್ದು ಇಲ್ಲ’ ಅನ್ನೋ ಕೊರತೆ ಇರುತ್ತದೆ. ‘ಬರೇ ರೊಟ್ಟಿ ತಿಂದ’ ಅಂದರೆ ಪಲ್ಯ ಇರಲಿಲ್ಲ ಅಂತ. ‘ರೊಟ್ಟಿ ಮಾತ್ರ ತಿಂದ’ ಅಂದರೆ ಪಲ್ಯ, ಅನ್ನ ಎಲ್ಲಾ ಇತ್ತು, ಅವನು ಮುಟ್ಟಲಿಲ್ಲ ಅಂತ. ಈ ಎರಡು ವಾಕ್ಯ ಮಗಳಿಗೆ ಹೇಳಿ, ಅರ್ಧ ಕೆಲಸ ಮುಗಿಯಿತು.

ಮಾತ್ರ ಅಂದರೆ ಸಂಸ್ಕೃತದಲ್ಲಿ ಅಳತೆ. ನುಂಗುವ ಮಾತ್ರೆ, ಛಂದಸ್ಸಿನ ಮಾತ್ರೆ ಇದರ ಬಳಗದವೇ. ಅಳತೆಯ ಪದ ಆದ್ದರಿಂದ ಗೆರೆ ಎಳೆಯೋಕೆ ಅದು ಒಳ್ಳೆಯದು. ಆದರೆ ನಾವು ಅದಕ್ಕೆ ಇನ್ನೊಂದು ಕೆಲಸ ಕೊಟ್ಟಿದ್ದೇವೆ. ‘ನಾ ಮಾತ್ರ ಬರಂಗಿಲ್ಲ’ ಅಂದಾಗ ‘ಉಳಿದವರು ಏನಾದರೂ ಮಾಡಲಿ, ನನ್ನದು ಇಷ್ಟು’ ಅಂತ. ಇದನ್ನು ‘ಓನ್ಲಿ ಐ’ ಅಂತ ಇಂಗ್ಲಿಷಿಗೆ ತಂದರೆ ಸಪ್ಪೆ. ‘ಆಸ್ ಫಾರ್ ಮಿ’ ಹತ್ತಿರ ಬರುತ್ತದೆ. ‘ಎಲ್ಲರೂ ಬಂದರು, ಅಪ್ಪ ಮಾತ್ರ ಬರಲಿಲ್ಲ’ ಅನ್ನೋದಕ್ಕೂ ‘ಎವ್ರಿವನ್ ಎಕ್ಸೆಪ್ಟ್ ಫಾದರ್’ ಅಂದರೇ ಚೆನ್ನ.

ಕೇವಲದ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಮೂಲದಲ್ಲಿ ಅದು ಶುದ್ಧ, ಪೂರ್ಣ, ಬೇರೇನೂ ಬೆರೆಯದ್ದು. ಬೆಳಗಾವಿ ಕೋಟೆಯ ಕಮಲ ಬಸದಿಯಂಥ ಕಡೆ ಜೈನ ಪ್ರವಚನಕ್ಕೆ ಕೂತರೆ ‘ಕೇವಲಜ್ಞಾನ’ ಅನ್ನೋ ಮಾತು ಕಿವಿಗೆ ಬೀಳುತ್ತದೆ. ಅಲ್ಲಿ ಅದರ ಅರ್ಥ ಪರಿಪೂರ್ಣ ಜ್ಞಾನ, ‘ಬರೀ ಜ್ಞಾನ’ ಅಲ್ಲ. ಅದೇ ಪದವನ್ನು ನಾವು ಮನೆಯಲ್ಲಿ ‘ಯಾರನ್ನೂ ಕೇವಲವಾಗಿ ನೋಡಬೇಡ’ ಅಂತ ಆಡುತ್ತೇವೆ. ತುತ್ತತುದಿಯಲ್ಲಿದ್ದದ್ದು ನೆಲಕ್ಕೆ ಬಂತು. ವಿಚಿತ್ರ ಅಂದರೆ ಇಂಗ್ಲಿಷಿನ ‘ಮಿಯರ್’ ಕೂಡ ಇದೇ ದಾರಿಯಲ್ಲಿ ಇಳಿದಿದೆ. ಲ್ಯಾಟಿನ್‌ನಲ್ಲಿ ಅದರ ಮೂಲಪದವನ್ನು ನೀರು ಬೆರೆಸದ ದ್ರಾಕ್ಷಾರಸಕ್ಕೆ ಹೇಳುತ್ತಿದ್ದರು. ಅಸಲಿ ಮಾಲು ಅಂತ. ಈಗ ಅದು ‘ಬರೇ ಕ್ಲರ್ಕ್’ ಅನ್ನೋ ಮಟ್ಟಕ್ಕೆ ಬಂದು ಕೂತಿದೆ.

ಅಷ್ಟೇ ಅನ್ನೋದು ವಾಕ್ಯದ ಕೊನೆಗೆ ಬಂದು ಬಾಗಿಲು ಹಾಕುತ್ತದೆ, ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ.

ಒಂದು ಮಾತು ಸೇರಿಸಬೇಕು. ‘ಕೇವಲ ಹತ್ತು ಜನ ಮಾತ್ರ ಬಂದಿದ್ದರು’ ಅಂತ ಪತ್ರಿಕೆಗಳು ಬರೆಯುತ್ತವೆ. ಎರಡು ಬೀಗ ಯಾಕೆ? ಕೇವಲ ಇದ್ದರೆ ಮಾತ್ರ ಬೇಡ, ಮಾತ್ರ ಇದ್ದರೆ ಕೇವಲ ಬೇಡ. ‘ಹತ್ತೇ ಜನ’ ಅಂದರೆ ಎರಡೂ ಬೇಡ. ಖಡೇ ಬಜಾರಿನಲ್ಲಿ ‘ಕೇವಲ ನೂರು ರೂಪಾಯಿ ಮಾತ್ರ, ನೂರೇ ನೂರು!’ ಅಂತ ಕೂಗುವವನಿಗೆ ಈ ನಿಯಮ ಹೇಳಬೇಡಿ, ಅವನ ಲೆಕ್ಕವೇ ಬೇರೆ. ಮಗಳು ಶಾಲೆಗೆ ಬರೆಯುವಾಗ ಒಂದೇ ಸಾಕು.